ಬಿಲಿರುಬಿನ್‌ಗೆ ಹಾಕಿದ ಪಥ್ಯ

ಮಾಲೂರಿನ ಕಾರ್ಖಾನೆಯಿಂದ ಮೊಮ್ಮಗಳಿಗೆ ಬಂದ ಪತ್ರದಲ್ಲಿ ಎರಡೇ ವಾಕ್ಯಗಳಿದ್ದವು. ವೈದ್ಯಕೀಯ ತಪಾಸಣೆಯಲ್ಲಿ ಬಿಲಿರುಬಿನ್ ಹೆಚ್ಚಿರುವುದರಿಂದ ಸದ್ಯಕ್ಕೆ ಕೆಲಸಕ್ಕೆ ಅನರ್ಹ. ಮೂವತ್ತು ದಿನದೊಳಗೆ ಮರುಪರೀಕ್ಷೆಯಲ್ಲಿ ಅರ್ಹಳೆಂದು ಕಂಡುಬರದಿದ್ದರೆ ಪಟ್ಟಿಯಲ್ಲಿರುವ ಮುಂದಿನವರನ್ನು ತೆಗೆದುಕೊಳ್ಳಲಾಗುವುದು. ಪತ್ರ ಅವಳ ಫೋನಿಗೆ ಬಂದಿತ್ತು. ಫೋನಿನಲ್ಲಿ ಓದಿದ್ದು ನನಗೆ ಓದಿದಂತಾಗುವುದಿಲ್ಲ. ಮುಳಬಾಗಿಲಿಗೆ ಹೋಗಿ ಪತ್ರವನ್ನೂ ರಕ್ತದ ವರದಿಯನ್ನೂ ಮುದ್ರಿಸಿಕೊಂಡು ಬಂದು, ಮೇಜಿನ ಮೇಲಿಟ್ಟು ಮತ್ತೊಮ್ಮೆ ಓದಿದೆ. ವರದಿಯಲ್ಲಿ ಹನ್ನೊಂದು ಸಾಲುಗಳಿದ್ದವು. ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು: ಟೋಟಲ್ ಬಿಲಿರುಬಿನ್ ಎರಡು ಪಾಯಿಂಟ್ ಆರು. ಇರಬೇಕಾದದ್ದು ಒಂದು ಪಾಯಿಂಟ್ ಎರಡರೊಳಗೆ. ಆ ಒಂದು ಸಾಲನ್ನು ಓದಿ ಕಾಗದ ಮಡಿಸಿಟ್ಟೆ.

ಮೊಮ್ಮಗಳು ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಕೆಲಸ ಹುಡುಕಿದ್ದಳು. ಈ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ವಿಭಾಗಕ್ಕೆ ಲಿಖಿತ ಪರೀಕ್ಷೆ, ಸಂದರ್ಶನ ಎರಡರಲ್ಲೂ ಮೊದಲಿಗಳಾಗಿ ಆಯ್ಕೆಯಾಗಿದ್ದಳು. ಮಗ, ಸೊಸೆ ತೋಟದ ಕೆಲಸದವರು. ಟೊಮೆಟೊ ಕೊಯ್ಲಿನ ದಿನಗಳಲ್ಲಿ ಅವರಿಗೆ ತಲೆ ಎತ್ತುವಷ್ಟು ಬಿಡುವಿರುವುದಿಲ್ಲ. ಹೀಗಾಗಿ ಅವಳ ಓದು, ಅರ್ಜಿ, ಓಡಾಟ ಎಲ್ಲ ಚಿಕ್ಕಂದಿನಿಂದಲೂ ನನ್ನ ಜವಾಬ್ದಾರಿ. ಈ ಮೂವತ್ತು ದಿನಗಳನ್ನೂ ನಾನೇ ವಹಿಸಿಕೊಂಡೆ.

ರೈತರಿಗೆ ರೇಷ್ಮೆ ಹುಳು ಸಾಕುವುದನ್ನು ಕಲಿಸುವ ಸರ್ಕಾರಿ ಕೆಲಸದಲ್ಲಿ ನಾನು ಮೂವತ್ತನಾಲ್ಕು ವರ್ಷ ಇದ್ದೆ. ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಊರೂರು ಸುತ್ತಿದ್ದೇನೆ. ಹುಳುವಿನ ಮನೆಯಲ್ಲಿ ಅಂದಾಜಿಗೆ ಜಾಗವಿಲ್ಲ. ಸೊಪ್ಪು ಇಷ್ಟು ಗಂಟೆಗೆಂದರೆ ಅಷ್ಟು ಗಂಟೆಗೇ ಹಾಕಬೇಕು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಆಗ ಸೊಪ್ಪು ಹಾಕಬಾರದು. ಹಾಕಿದರೆ ಹಾಸಿಗೆ ಒದ್ದೆಯಾಗಿ ರೋಗ ಬರುತ್ತದೆ. ಎದ್ದ ಮೇಲೆ ಮತ್ತೆ ಸೊಪ್ಪು. ಇದನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಒಳಗೆ ಏನೋ ಸರಿಯಿಲ್ಲ ಎಂದು ಕಂಡಾಗ ಮೊದಲು ಆಹಾರ ನಿಲ್ಲಿಸಬೇಕು ಎಂಬುದು ನನ್ನ ಮೈಗೇ ಹತ್ತಿಹೋಗಿತ್ತು.

ಬಿಲಿರುಬಿನ್ ಏರಿದರೆ ಮೈ ಹಳದಿಯಾಗುತ್ತದೆ, ಹಳದಿ ಎಂದರೆ ಕಾಮಾಲೆ. ಕಾಮಾಲೆಗೆ ನಮ್ಮ ಕಡೆ ಯಲ್ದೂರಿನ ಹತ್ತಿರದ ಮಾವಿನ ತೋಟದಲ್ಲಿ ಒಬ್ಬ ಮುದುಕ ಭಾನುವಾರಗಳಂದು ನೆಲನೆಲ್ಲಿ ಅರೆದು ಕೊಡುತ್ತಾನೆ. ಕೆಲಸದಲ್ಲಿದ್ದಾಗಿನಿಂದ ಪರಿಚಯದವನು. ಮೊಮ್ಮಗಳನ್ನು ಕರೆದುಕೊಂಡು ಹೋದೆ. ಅವನು ಅವಳನ್ನು ಬಿಸಿಲಿಗೆ ತಿರುಗಿಸಿ ಕಣ್ಣು ನೋಡಿದ.

“ಏಮ್ಮಾ, ವಾಂತಿ ಬರ್ತದಾ? ಉಚ್ಚೆ ಹಳದಿಗೆ ಹೋಗ್ತದಾ?”

“ಇಲ್ಲ ತಾತ. ಏನೂ ಇಲ್ಲ. ಪೇಪರಲ್ಲಿ ಮಾತ್ರ ಇದೆ.”

“ಪೇಪರಿಗೆ ಬಂದಿರೋ ಕಾಮಾಲೆಗೆ ನಾನೇನು ಔಷಧಿ ಕೊಡ್ಲಿ ಸಾರ್?” ಎಂದು ನನ್ನ ಕಡೆ ತಿರುಗಿ ನಕ್ಕ. ಆದರೂ ಎಲೆಯಲ್ಲಿ ಒಂದು ಉಂಡೆ ಕಟ್ಟಿಕೊಟ್ಟ. “ಪರ್ವಾಲೇದು. ಮೂರು ದಿನ ಮಜ್ಜಿಗೇಲಿ ಕುಡೀಲಿ. ಮೂರು ದಿನ ಎಣ್ಣೆ, ಹುಳಿ ಬೇಡ. ಅಷ್ಟೇ.”

ಅವನು ಹೇಳಿದ್ದು ಮೂರು ದಿನ. ಅದನ್ನು ಇಪ್ಪತ್ತೊಂದು ದಿನ ಮಾಡಿದವನು ನಾನು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ನಾಲ್ಕೂವರೆಗೆ ಏಳುವುದು, ಬಿಸಿನೀರು, ಒಂದು ಗಂಟೆ ನಡಿಗೆ. ಒಂಬತ್ತಕ್ಕೆ ಉಪ್ಪಿಲ್ಲದ ತೆಳ್ಳನೆಯ ರಾಗಿ ಅಂಬಲಿ. ಒಂದು ಗಂಟೆಗೆ ಒಂದು ಹಿಡಿ ಅನ್ನ, ಒಗ್ಗರಣೆ ಇಲ್ಲದೆ ಬೇಯಿಸಿದ ಹೀರೇಕಾಯಿ. ಸಂಜೆ ಐದಾದ ಮೇಲೆ ನೀರು ಬಿಟ್ಟು ಏನೂ ಇಲ್ಲ. ಅವಳಿಗೊಂದು ನನಗೊಂದು ಮಾಡುವ ಪದ್ಧತಿ ನನ್ನದಲ್ಲ. ನಾನೂ ಅದೇ ಪಥ್ಯ ಹಿಡಿದೆ.

ಮೊಮ್ಮಗಳು ವಾದ ಮಾಡುವವಳಲ್ಲ. ಮೊದಲ ದಿನ ಪಟ್ಟಿ ಓದಿ, “ತಾತ, ಇದ್ರಲ್ಲಿ ಉಸಿರಾಡೋಕೆ ಟೈಮ್ ಬರ್ದಿಲ್ವಲ್ಲ” ಎಂದಳು. ಅಷ್ಟೇ. ನಂತರ ಚಾಚೂ ತಪ್ಪದೆ ನಡೆದುಕೊಂಡಳು. ಒಂದು ವಾರಕ್ಕೆ ಚೂಡಿದಾರದ ಭುಜ ಜಾರತೊಡಗಿತು. ಹತ್ತನೇ ದಿನ ನೀರಿನ ಬಿಂದಿಗೆ ಎತ್ತುವಾಗ ಗೋಡೆ ಹಿಡಿದು ನಿಂತಳು. ನನ್ನ ಹೆಂಡತಿ ಅದನ್ನು ನೋಡಿದಳು. ಅವಳು ನನ್ನ ಪಟ್ಟಿಗಳನ್ನು ನಲವತ್ತೈದು ವರ್ಷದಿಂದ ಕಂಡವಳು. ಸಾಮಾನ್ಯವಾಗಿ ಮಾತಾಡುವುದಿಲ್ಲ.

“ಹುಳಕ್ಕೆ ಜ್ವರ ಬಂದ್ರೆ ಒಂದಿನ ಸೊಪ್ಪು ನಿಲ್ಲಿಸ್ತೀರ. ಮಗೂಗೆ ಹತ್ತು ದಿನ ಆಯ್ತು. ಅವಳೇನು ಹುಳಾನಾ ಕಣ್ರೀ?”

“ಇನ್ನು ಹನ್ನೊಂದು ದಿನ. ಕೆಲಸ ಬೇಕೋ ಬೇಡವೋ?” ಎಂದೆ.

“ಕೆಲಸಕ್ಕೆ ಹೋಗೋಕೆ ಅವಳು ಇರ್ಬೇಕಲ್ಲ” ಎಂದು ಒಳಗೆ ಹೋದಳು.

ಹದಿನೈದನೇ ದಿನ ಮಧ್ಯದ ಪರೀಕ್ಷೆ ಎಂದು ಮುಳಬಾಗಿಲಿನ ಒಂದು ಲ್ಯಾಬಿನಲ್ಲಿ ರಕ್ತ ಕೊಡಿಸಿದೆ. ಹುಳುವಿನ ಮನೆಯಲ್ಲೂ ನಡುವೆ ಒಮ್ಮೆ ನೋಡಿ ಮುಂದುವರಿಯುವುದು ಕ್ರಮ. ಎರಡರ ಕೆಳಗೆ ಬಂದಿರುತ್ತದೆ ಎಂದು ಎಣಿಸಿದ್ದೆ. ವರದಿಯಲ್ಲಿ ನಾಲ್ಕು ಪಾಯಿಂಟ್ ಒಂದು ಎಂದಿತ್ತು. ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಮೊಮ್ಮಗಳು ಆ ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಬಿಸಿಲಿನಲ್ಲಿ ಅವಳ ಕಣ್ಣಿನ ಬಿಳಿಯಲ್ಲಿ ಹಳದಿ ಕಾಣುತ್ತಿತ್ತು. ಮೊದಲು ಕಾಗದದಲ್ಲಿ ಮಾತ್ರ ಇದ್ದದ್ದು ಈಗ ಕಣ್ಣಿಗೆ ಬಂದಿತ್ತು.

“ತಾತ, ನಂಗೆ ದೊಡ್ಡದೇನಾದ್ರೂ ಆಗಿದೆಯಾ?” ಎಂದಳು. ನಾನು ಬಸ್ಸಿನ ಸಮಯ ಹೇಳಿದೆ.

ಮರುದಿನ ಬೆಳಿಗ್ಗೆ ಹೆಂಡತಿ ನನ್ನನ್ನು ಕೇಳಲಿಲ್ಲ. ಸೀರೆ ಉಟ್ಟು, ಚೀಲ ಹಿಡಿದು, “ಕೋಲಾರಕ್ಕೆ ಹೋಗ್ತಿದೀವಿ. ಬರೋದಾದ್ರೆ ಬನ್ನಿ” ಎಂದಳು. ಕೋಲಾರದಲ್ಲಿ ಹೊಟ್ಟೆ ಮತ್ತು ಲಿವರ್ ನೋಡುವ ಡಾಕ್ಟರು ಒಬ್ಬರು ವಾರಕ್ಕೆರಡು ದಿನ ಬರುತ್ತಾರೆ. ನಲವತ್ತರ ಆಸುಪಾಸಿನ ಹೆಂಗಸು, ಚುರುಕು. ನಾನು ಎರಡು ವರದಿಗಳನ್ನೂ ದಿನಾಂಕದ ಕ್ರಮದಲ್ಲಿ ಫೈಲಿನಲ್ಲಿಟ್ಟು ಅವರ ಮುಂದೆ ಇಟ್ಟೆ. ಅವರು ದಪ್ಪ ಅಕ್ಷರದ ಸಾಲನ್ನು ಬಿಟ್ಟು ಕೆಳಗಿನ ಸಾಲುಗಳಿಂದ ಓದತೊಡಗಿದರು. ಬೆರಳು ಒಂದೊಂದು ಸಾಲಿನ ಮೇಲೂ ನಿಂತು ಮೇಲಕ್ಕೆ ಬಂತು.

“ಊಟ ಹೇಗೆ ಮಾಡ್ತಿದೀಯಮ್ಮ?”

“ನಾಲ್ಕೂವರೆಗೆ ಬಿಸಿನೀರು, ಒಂಬತ್ತಕ್ಕೆ...” ಎಂದು ನಾನು ಶುರು ಮಾಡಿದೆ.

“ತಾತ, ಕಣ್ಣು ಅವಳದು, ಬಾಯಿ ನಿಮ್ಮದಾ?” ಎಂದರು ಡಾಕ್ಟರು. ಹೆಂಡತಿಗೆ ನಗು ಬಂತು. ಸೆರಗು ಅಡ್ಡ ಇಟ್ಟುಕೊಂಡಳು.

ಮೊಮ್ಮಗಳು ಪಥ್ಯವನ್ನೂ ನೆಲನೆಲ್ಲಿ ಕುಡಿದದ್ದನ್ನೂ ಹೇಳಿದಳು. ಮೊದಲ ಪರೀಕ್ಷೆಯ ದಿನದ್ದನ್ನೂ ಹೇಳಿದಳು. ಅಂದು ಸಕ್ಕರೆ ಪರೀಕ್ಷೆಯೂ ಇದ್ದುದರಿಂದ ಖಾಲಿ ಹೊಟ್ಟೆಯಲ್ಲಿ ಬರಲು ಕಾರ್ಖಾನೆಯವರು ತಿಳಿಸಿದ್ದರು. ರಾತ್ರಿ ಊಟ ಮಾಡಿ ಬೆಳಿಗ್ಗೆ ತಿನ್ನದೆ ಹೋಗಿದ್ದರೆ ಸಾಕಾಗಿತ್ತು. ಖಾಲಿ ಎಂದರೆ ಪೂರ್ತಿ ಖಾಲಿಯಾಗಿರಲಿ ಎಂದು ನಾನು ಹಿಂದಿನ ದಿನ ಸಂಜೆ ನಾಲ್ಕಕ್ಕೇ ಊಟ ನಿಲ್ಲಿಸಿದ್ದೆ. ಎರಡು ಬಸ್ಸು ಬದಲಾಯಿಸಿ ಮಾಲೂರು ಸೇರಿ ರಕ್ತ ಕೊಟ್ಟಾಗ ಮರುದಿನ ಹತ್ತೂವರೆ. ಡಾಕ್ಟರು ಬೆರಳು ಮಡಿಸಿ ಎಣಿಸಿದರು.

“ಹದಿನೆಂಟೂವರೆ ಗಂಟೆ. ಆಮೇಲೆ ಹದಿನೈದು ದಿನ ಅರೆಹೊಟ್ಟೆ. ಏರದೆ ಇನ್ನೇನಾಗುತ್ತೆ?”

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ರಕ್ತದ ಕೆಂಪುಕಣಗಳು ಹಳೆಯವಾಗಿ ಒಡೆಯುತ್ತವೆ. ದಿನವೂ ಎಲ್ಲರ ಮೈಯಲ್ಲೂ ನಡೆಯುವ ಕೆಲಸವಿದು. ಒಡೆದಾಗ ಒಂದು ಹಳದಿ ಪದಾರ್ಥ ಉಳಿಯುತ್ತದೆ. ಅದೇ ಬಿಲಿರುಬಿನ್. ಅದು ನೀರಿನಲ್ಲಿ ಕರಗುವುದಿಲ್ಲ. ಲಿವರ್ ಅದನ್ನು ಹಿಡಿದು, ಕರಗುವಂತೆ ಮಾಡಿ, ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಕರಗುವಂತೆ ಮಾಡುವುದಕ್ಕೆ ಮುಂಚಿನದು ಇನ್‌ಡೈರೆಕ್ಟ್, ಮಾಡಿದ ಮೇಲಿನದು ಡೈರೆಕ್ಟ್. ಎರಡೂ ಸೇರಿ ಟೋಟಲ್. ಮೊಮ್ಮಗಳ ವರದಿಯಲ್ಲಿ ಡೈರೆಕ್ಟ್ ಕಡಿಮೆಯೇ ಇತ್ತು. ಏರಿದ್ದೆಲ್ಲ ಇನ್‌ಡೈರೆಕ್ಟ್. ಲಿವರಿಗೆ ಪೆಟ್ಟಾದರೆ ಏರುವ ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಸರಿಯಾಗಿದ್ದವು. ಪಿತ್ತನಾಳ ಕಟ್ಟಿಕೊಂಡರೆ ಏರುವ ಸಾಲೂ ಸರಿ, ಲಿವರ್ ತಯಾರಿಸುವ ಆಲ್ಬುಮಿನ್ನೂ ಸರಿ. ಅವೆಲ್ಲ ಮೊದಲ ದಿನದಿಂದಲೂ ಅದೇ ಕಾಗದದಲ್ಲಿ ಸಾದಾ ಅಕ್ಷರದಲ್ಲಿದ್ದವು. ನಾನು ಓದಿರಲಿಲ್ಲ.

ಕೆಲವರ ಲಿವರಿನಲ್ಲಿ ಈ ಒಂದು ಕೆಲಸ ಹುಟ್ಟಿನಿಂದಲೇ ಸ್ವಲ್ಪ ನಿಧಾನ. ಬೇರೆ ಯಾವ ತೊಂದರೆಯೂ ಇರುವುದಿಲ್ಲ. ಉಪವಾಸ, ಜ್ವರ, ನಿದ್ದೆಗೇಡು, ಅತಿಯಾದ ದಣಿವು ಬಂದಾಗ ಇನ್ನಷ್ಟು ನಿಧಾನವಾಗಿ ಹಳದಿ ಏರುತ್ತದೆ, ಮತ್ತೆ ತಾನೇ ಇಳಿಯುತ್ತದೆ. ಅದಕ್ಕೆ ಔಷಧಿ ಬೇಡ, ಪಥ್ಯವಂತೂ ಬೇಡವೇ ಬೇಡ.

“ಆದ್ರೆ ಹಳದಿ ಕಂಡೋರಿಗೆಲ್ಲ ಇದೇ ಅಂತ ಊರಲ್ಲಿ ಹೇಳ್ಕೊಂಡು ಓಡಾಡ್ಬೇಡಿ” ಎಂದು ನನಗೆ ಎಚ್ಚರಿಸಿದರು. “ರಕ್ತ ಬೇಗ ಬೇಗ ಒಡೀತಿದ್ರೂ ಹೀಗೇ ಕಾಣುತ್ತೆ. ಅದಿಲ್ಲ ಅಂತ ನೋಡ್ಬೇಕು. ಉಚ್ಚೆ ಕೆಂಪಗೆ, ಮಲ ಬಿಳಿಚಿಕೊಂಡು, ಜ್ವರ, ಹೊಟ್ಟೆನೋವು ಇದ್ರೆ ಅದು ಬೇರೇನೇ. ತಕ್ಷಣ ಬರ್ಬೇಕು. ಸೊಪ್ಪಿನ ರಸಾನೂ ನಿಲ್ಲಿಸಿ. ಅದು ಒಬ್ಬೊಬ್ಬರ ಲಿವರಿಗೆ ಒಂದೊಂದು ಥರ.”

ಅಂದೇ ಇನ್ನೊಂದು ರಕ್ತ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆವು. ರಕ್ತ ಬೇಗ ಒಡೆಯುತ್ತಿಲ್ಲ, ಲಿವರಿನಲ್ಲೂ ಪಿತ್ತಕೋಶದಲ್ಲೂ ಏನಿಲ್ಲ ಎಂದು ಬಂತು. ಡಾಕ್ಟರು ಆ ಕಾಗದಗಳನ್ನು ನೋಡುತ್ತಾ, “ಮನೇಲಿ ಇನ್ಯಾರ ಕಣ್ಣಾದ್ರೂ ಹೀಗೆ ಹಳದಿ ಆಗುತ್ತಾ?” ಎಂದು ಕೇಳಿದರು.

“ಯಾರದೂ ಇಲ್ಲ” ಎಂದೆ.

“ಇವರದೇ” ಎಂದಳು ಹೆಂಡತಿ. “ಏಕಾದಶಿ ಬಂತು ಅಂದ್ರೆ ಹಳದೀನೇ ಡಾಕ್ಟ್ರೇ. ನೀರೂ ಕುಡೀದೆ ಇರ್ತಾರಲ್ಲ. ರೈತರು ಇವರಿಗೆ ಹಣ್ಣುಹುಳ ಅಂತಾನೇ ಹೆಸರಿಟ್ಟಿದ್ರು.”

ಗೂಡು ಕಟ್ಟುವ ಹೊತ್ತಿಗೆ ರೇಷ್ಮೆ ಹುಳು ಸೊಪ್ಪು ಬಿಟ್ಟು, ಮೈ ಹಳದಿಗೆ ತಿರುಗುತ್ತದೆ. ಹಣ್ಣಾಗುವುದು ಎನ್ನುತ್ತಾರೆ. ಮೂವತ್ತನಾಲ್ಕು ವರ್ಷ ನನ್ನ ಬೆನ್ನ ಹಿಂದೆ ಓಡಾಡಿದ ಹೆಸರು ಕೋಲಾರದ ಆ ಕೋಣೆಯಲ್ಲಿ ನನಗೆ ಮೊದಲ ಸಲ ತಿಳಿಯಿತು. ಡಾಕ್ಟರು ಎದ್ದು ಬಂದು ನನ್ನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು. ರಕ್ತ ತೆಗೆಸಿದರು. ಮೂರು ಪಾಯಿಂಟ್ ಎರಡು. ಉಳಿದ ಸಾಲುಗಳೆಲ್ಲ ಸರಿ. ಮಗನಿಗೆ ನನ್ನ ಅಕ್ಕನ ಮಗಳನ್ನೇ ತಂದಿರುವುದನ್ನೂ ಕೇಳಿ ಬರೆದುಕೊಂಡರು. ಇದು ತಾಯಿ, ತಂದೆ ಎರಡು ಕಡೆಯಿಂದಲೂ ಸೇರಿ ಬರುವಂಥದ್ದಂತೆ. ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಹಾಗೆ ಸೇರುವುದು ಸುಲಭ.

“ಕಾರ್ಖಾನೆಯ ಡಾಕ್ಟರಿಗೆ ಪತ್ರ ಬರ್ಕೊಡ್ತೀನಿ” ಎಂದರು. “ಊಟ ಮಾಡಿದ್ರೆ ಇಳಿಯುತ್ತೆ. ಆದ್ರೆ ಒಂದು ಪಾಯಿಂಟ್ ಎರಡರೊಳಗೆ ಬರುತ್ತೆ ಅಂತ ನಾನು ಹೇಳೋಕಾಗಲ್ಲ. ಇವಳಿಗೆ ಯಾವತ್ತೂ ಬರದೇ ಇರ್ಬಹುದು. ಅವರು ಆ ಒಂದೇ ಸಾಲು ನೋಡಿದ್ರೆ ಕಷ್ಟ. ಪತ್ರ ಓದ್ಬೇಕು.”

ಆ ಒಂದೇ ಸಾಲು ನೋಡುವವರು ಇರುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಮನೆಗೆ ಬಂದು ಪಟ್ಟಿಯನ್ನು ಗೋಡೆಯಿಂದ ತೆಗೆದೆ. ಅಡುಗೆಮನೆ ಹೆಂಡತಿಯ ವಶಕ್ಕೆ ಹೋಯಿತು. ಮುದ್ದೆ, ಕಾಳಿನ ಸಾರು, ತುಪ್ಪ, ಸಂಜೆಗೆ ನಿಪ್ಪಟ್ಟು. ಹಸಿವಾದಾಗಲೆಲ್ಲ ಮೊಮ್ಮಗಳು ತಿಂದಳು. ನಾನು ಗಡಿಯಾರ ನೋಡುವುದನ್ನು ತಡೆದುಕೊಂಡೆ. ಎಂಟು ದಿನಕ್ಕೆ ಅವಳ ಕಣ್ಣು ಬಿಳಿಯಾಯಿತು. ಕಣ್ಣು ಬಿಳಿಯಾದರೆ ಕೆಲಸ ಸಿಕ್ಕಂತಲ್ಲ ಎಂಬುದು ನಮ್ಮಿಬ್ಬರಿಗೂ ತಿಳಿದಿತ್ತು.

ಇಪ್ಪತ್ತೊಂಬತ್ತನೇ ದಿನ ಮಾಲೂರಿಗೆ ಹೋದೆವು. ಈ ಸಲ ಲಿವರ್ ಪರೀಕ್ಷೆ ಮಾತ್ರ, ಖಾಲಿ ಹೊಟ್ಟೆ ಬೇಡ ಎಂದು ಅವಳೇ ಫೋನ್ ಮಾಡಿ ಕೇಳಿಕೊಂಡಿದ್ದಳು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ರಕ್ತ ಕೊಟ್ಟು, ಮಧ್ಯಾಹ್ನ ಮೂರಕ್ಕೆ ವರದಿ ಬಂತು. ಒಂದು ಪಾಯಿಂಟ್ ಆರು. ಸಾಲು ಇನ್ನೂ ದಪ್ಪ ಅಕ್ಷರದಲ್ಲೇ ಇತ್ತು.

ಕಾರ್ಖಾನೆಯ ಡಾಕ್ಟರು ನನ್ನ ವಯಸ್ಸಿನವರು. ಅವರ ಕೋಣೆಗೆ ಅವಳೊಬ್ಬಳೇ ಹೋದಳು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

“ಇನ್ನೂ ಜಾಸ್ತಿ ಇದೆಯಲ್ಲಮ್ಮ” ಎಂದರು ಅವರು.

“ಸಾರ್, ಟೋಟಲ್ ಒಂದೇ ನೋಡ್ಬೇಡಿ. ಡೈರೆಕ್ಟ್ ಪಾಯಿಂಟ್ ಮೂರು. ಎಸ್‌ಜಿಪಿಟಿ ಇಪ್ಪತ್ತೆರಡು. ರಕ್ತ ಒಡೀತಿಲ್ಲ ಅಂತ ಪರೀಕ್ಷೆ ಆಗಿದೆ, ಸ್ಕ್ಯಾನ್ ಆಗಿದೆ. ಕೋಲಾರದ ಡಾಕ್ಟ್ರ ಪತ್ರ ಇದೆ.”

“ನೀನೇನು ಡಾಕ್ಟ್ರಾ?”

“ಅಲ್ಲ ಸಾರ್. ಆದ್ರೆ ನೀವು ನನ್ನ ತಗೋತಿರೋದು ಅಳತೆ ಓದೋ ಕೆಲಸಕ್ಕೆ. ಒಂದು ಅಳತೆ ಆಚೆಗೆ ಹೋದ್ರೆ ಪೀಸ್ ಕೆಟ್ಟಿದೆ ಅಂತ ಎಸೀತೀವಾ? ಯಾಕೆ ಹೋಯ್ತು ಅಂತ ನೋಡಲ್ವಾ?”

ಡಾಕ್ಟರು ಕಾಗದ ತಿರುಗಿಸುವ ಶಬ್ದ ಕೇಳಿತು.

“ಮೊದಲನೇ ಸಲ ಎರಡು ಪಾಯಿಂಟ್ ಆರು. ನಡುವೆ ನಾಲ್ಕು ಪಾಯಿಂಟ್ ಒಂದು. ಈಗ ಒಂದು ಪಾಯಿಂಟ್ ಆರು. ಹೀಗೆ ಕುಣಿದ್ರೆ ನಾನು ಹೇಗಮ್ಮ ಸಹಿ ಹಾಕ್ಲಿ? ಏನಾಯ್ತು ಈ ನಡುವೆ?”

“ಊಟ ಮಾಡಿರ್ಲಿಲ್ಲ ಸಾರ್.”

“ಯಾಕೆ? ಯಾರು ಹೇಳಿದ್ರು?”

“ಯಾರೂ ಇಲ್ಲ ಸಾರ್. ನಾನೇ. ದಪ್ಪ ಇದೀನಿ ಅಂತ ಡಯಟ್ ಮಾಡ್ತಿದ್ದೆ.”

ಅವಳು ದಪ್ಪ ಇರಲಿಲ್ಲ, ಎಂದೂ ಇರಲಿಲ್ಲ. ಡಾಕ್ಟರಿಗೂ ಅದು ಕಾಣುತ್ತಿತ್ತು. ಅವರ ದನಿ ಬದಲಾಯಿತು. “ನೋಡಮ್ಮ, ಸರಿಯಾಗಿ ಹೇಳದೆ ಇದ್ರೆ ನಾನೇನೂ ಮಾಡೋಕಾಗಲ್ಲ” ಎಂದರು.

ನಾನು ಎದ್ದು ಬಾಗಿಲು ತಟ್ಟಿ ಒಳಗೆ ಹೋದೆ. ಕರೆಯದೆ ಒಂದು ಕೋಣೆಗೆ ಹೋಗಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ಅವಳ ಊಟ ನಿಲ್ಲಿಸಿದ್ದು ನಾನು ಎಂದೆ. ಮೊದಲ ಪರೀಕ್ಷೆಗೆ ಹದಿನೆಂಟೂವರೆ ಗಂಟೆ, ಆಮೇಲೆ ಹದಿನೈದು ದಿನ, ಯಾವ ದಿನ ಯಾವ ಹೊತ್ತಿಗೆ ಏನು ಕೊಟ್ಟೆ ಎಂಬುದನ್ನೆಲ್ಲ ಹೇಳಿದೆ. ಫೈಲಿನಿಂದ ನನ್ನ ಸ್ವಂತ ವರದಿ ತೆಗೆದು ಅವಳ ವರದಿಯ ಪಕ್ಕದಲ್ಲಿಟ್ಟೆ. “ಅದೇ ಪಥ್ಯ ನಾನೂ ಮಾಡಿದ್ದೆ ಸಾರ್. ನನಗೂ ಏರಿತ್ತು. ನನಗೆ ಎಪ್ಪತ್ತೊಂದು. ಈವರೆಗೆ ಲಿವರ್ ತೊಂದರೆ ಅಂತ ಮಲಗಿದವನಲ್ಲ” ಎಂದೆ.

ಅವರು ಎರಡೂ ಕಾಗದಗಳ ಮೇಲೆ ಎರಡು ಬೆರಳಿಟ್ಟುಕೊಂಡು, ಸಾಲು ಸಾಲಾಗಿ ಹೋಲಿಸಿ ಓದಿದರು. ಆಮೇಲೆ ಕೋಲಾರದ ಪತ್ರವನ್ನು ಕವರಿನಿಂದ ತೆಗೆದು ಪೂರ್ತಿ ಓದಿದರು. “ತಾತನ ಆಸ್ತಿ ಮೊಮ್ಮಗಳಿಗೆ ಬಂದಿದೆ ಅನ್ನಿ” ಎಂದು ಅರ್ಜಿ ಎಳೆದುಕೊಂಡು ಅರ್ಹ ಎಂದು ಬರೆದರು. ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಈ ಅಭ್ಯರ್ಥಿಯ ಮಟ್ಟಿಗೆ ಬಿಲಿರುಬಿನ್ ಸ್ವಲ್ಪ ಹೆಚ್ಚಿರುವುದು ಸಹಜ, ವಾರ್ಷಿಕ ತಪಾಸಣೆಯಲ್ಲಿ ಉಳಿದ ಸಾಲುಗಳನ್ನೂ ನೋಡುವುದು.

ಹೊರಗೆ ಬಂದ ಮೇಲೆ ಮೊಮ್ಮಗಳು, “ಯಾಕೆ ಬಂದ್ರಿ ತಾತ? ನಾನೇ ಏನೋ ಹೇಳಿ ಮುಗಿಸ್ತಿದ್ದೆ” ಎಂದಳು.

“ನೀನು ಸುಳ್ಳು ಹೇಳಿದೆ.”

“ನಿಮ್ಮ ಮರ್ಯಾದೆಗೆ ಕಣ್ರೀ ತಾತ” ಎಂದು ನಕ್ಕಳು. ಅವಳ ಅಜ್ಜಿಯ ಧಾಟಿಯೇ.

ಸೋಮವಾರದಿಂದ ಕೆಲಸ. ಮೊದಲ ಪಾಳಿ ಆರೂವರೆಗೆ ಶುರುವಾಗುವುದರಿಂದ ಮಾಲೂರಿನಲ್ಲೇ ಇರಬೇಕಿತ್ತು. ಹೆಣ್ಣುಮಕ್ಕಳ ಪಿ.ಜಿ. ಒಂದನ್ನು ನೋಡಿಕೊಂಡೇ ಹೋಗೋಣ ಎಂದು ಅಂದೇ ಸಂಜೆ ವಿಚಾರಿಸಿದೆವು. ನಡೆಸುವಾಕೆ ಕೋಣೆ, ನೀರು, ಬಾಗಿಲು ಹಾಕುವ ಸಮಯ ಎಲ್ಲ ಹೇಳಿದರು. ನಾನು ಮೆಟ್ಟಿಲ ಹತ್ತಿರ ನಿಂತಿದ್ದೆ.

“ತಿಂಡಿ ಎಷ್ಟಕ್ಕೆ ಆಂಟಿ?” ಎಂದು ಮೊಮ್ಮಗಳು ಕೇಳಿದಳು.

“ಏಳೂವರೆಗೆ.”

“ನಂಗೆ ಐದೂವರೆಗೆ ಬೇಕು. ಹಸ್ಕೊಂಡು ಹೋಗೋಕಾಗಲ್ಲ.”

“ಅಷ್ಟೊತ್ತಿಗೆ ಒಲೆ ಹಚ್ಚಿರಲ್ಲಮ್ಮ. ಬೇರೆ ಹುಡುಗೀರೆಲ್ಲ ಟೀ ಕುಡ್ಕೊಂಡು ಓಡ್ತಾರೆ, ನಿಂಗೇನು?”

“ನಂಗಾಗಲ್ಲ ಆಂಟಿ. ಹಿಂದಿನ ದಿನದ ಚಪಾತಿ ಎರಡು ಎತ್ತಿಟ್ಟಿರಿ, ಸಾಕು.”

ಆಕೆ ನನ್ನ ಕಡೆ ನೋಡಿದರು, ಹಿರಿಯರು ಏನನ್ನುತ್ತಾರೋ ಎಂಬಂತೆ. ನಾನು ಮೊಮ್ಮಗಳ ಕಡೆ ನೋಡಿದೆ. “ಸರಿ, ಎತ್ತಿಡ್ತೀನಿ” ಎಂದರು ಆಕೆ.

“ಮೂರು” ಎಂದಳು ಮೊಮ್ಮಗಳು.